ಮಾಸ್ಟರ್ ಸಿಲಿಂಡರ್ ಕಿಟ್ಟಾ, ಹೊಸದಾ? ಮೊದ್ಲು ಬೋರ್ ನೋಡಿ

ನಮ್ಮೂರು ಮೈಸೂರು, ನಾನಿರೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆ. ಊರಲ್ಲಿ ಅಪ್ಪನ ಅಂಬಾಸಿಡರ್, ಇಲ್ಲಿ ನಂದೊಂದು ಮಾರಿಸ್ ಮೈನರ್. ಎರಡೂ ಒಂದೇ ಮನೆತನದವು, ಅಂಬಾಸಿಡರ್ ಅಂದ್ರೆ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ತಾನೇ, ಕಾಯಿಲೇನೂ ಹಂಗೇ. ಬ್ರೇಕ್ ಪೆಡಲ್ ಒತ್ತಿ ಹಿಡ್ಕೊಂಡ್ರೆ ಮೆಲ್ಲಗೆ ಕೆಳಗಿಳಿಯತ್ತೆ, ಹೊರಗೆಲ್ಲೂ ಒಂದು ಹನಿ ಲೀಕ್ ಇರಲ್ಲ, ಅಂದ್ರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗೇ ರಬ್ಬರ್ ಕಪ್ ದಾಟ್ಕೊಂಡು ಆಯಿಲ್ ಹಿಂದಕ್ಕೆ ಹೋಗ್ತಿದೆ.

ಇದಕ್ಕೆ ಮೈಸೂರಲ್ಲಿ ಒಂದೇ ಮಾತು, "ಕಿಟ್ ಹಾಕ್ಬಿಡೋಣ ಸಾರ್", ಅಂದ್ರೆ ಸಿಲಿಂಡರ್ ಹಳೇದೇ, ಒಳಗಿನ ರಬ್ಬರ್‌ಗಳು ಮಾತ್ರ ಹೊಸವು. ಇಲ್ಲಿ ಗ್ಯಾರೇಜಿಗೆ ಹೋದ್ರೆ ಬಿಚ್ಚಿ ನೋಡೋ ಮಾತೇ ಇಲ್ಲ, ಹೊಸದು ಆರ್ಡರ್ ಮಾಡು ಅಂತಾರೆ. ಅವರದ್ದು ಶಿಸ್ತು ನಮ್ಮದು ಜುಗಾಡ್ ಅನ್ನೋರನ್ನ ಕಂಡ್ರೆ ನಂಗೆ ಆಗಲ್ಲ, ಎರಡೂ ಬರೀ ಕೂಲಿ ಲೆಕ್ಕ. ಮೈನರ್‌ನಲ್ಲಿ ಸಿಲಿಂಡರ್ ಡ್ರೈವರ್ ಕಾಲ್ಕೆಳಗೆ ಚಾಸಿ ಒಳಗಿದೆ, ಬೋಲ್ಟ್ ಎಳೀಬೇಕಂದ್ರೆ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ಬರತ್ತೆ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋನು ಆ ಕೆಲ್ಸ ಎರಡು ಸಲ ಮಾಡಿಸ್ತಾನಾ?

ಆದ್ರೆ ಬ್ರೇಕಿಗೆ ಕೂಲಿ ಗೊತ್ತಾಗಲ್ಲ, ಬೋರ್, ಅಂದ್ರೆ ಕಪ್ ಓಡಾಡೋ ಸಿಲಿಂಡರಿನ ಒಳಗೋಡೆ, ಗೊತ್ತಾಗತ್ತೆ. ನಾವು ಹಾಕೋ ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳ್ಕೊಳತ್ತೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು, ನೀರು ಸೇರಿದ್ಮೇಲೆ ಆ ಲೆಕ್ಕ 155ಕ್ಕೆ ಬೀಳತ್ತೆ. ಚಾಮುಂಡಿ ಬೆಟ್ಟ ಇಳಿಯೋವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಬರೋರು ಇದನ್ನ ನೆನಪಿಟ್ಕೊಳಿ. ದಸರಾಗೊಂದ್ಸಲ ತೊಳೆದು ಹೊರಗೆ ತೆಗೆಯೋ ಗಾಡಿಗಳಲ್ಲಂತೂ ಆ ನೀರು ಎರಕದ ಕಬ್ಬಿಣದ ಬೋರಿನ ತಳದಲ್ಲೇ ಕೂತು ತುಕ್ಕು ತಿಂದು ಗುಳಿ ಮಾಡಿರತ್ತೆ. ಅದರ ಮೇಲೆ ಎಮರಿ ಪೇಪರ್ ಉಜ್ಜಿ ಹೊಸ ಕಪ್ ಹಾಕಿದ್ರೆ ಗುಳಿ ಹೋಗಲ್ಲ, ಬೋರ್ ದೊಡ್ಡದಾಗತ್ತೆ, ಕಪ್ಪಿನ ಅಂಚು ಹರಿಯತ್ತೆ. ಇನ್ನು ಸೀಮೆಎಣ್ಣೇಲಿ ಪಾರ್ಟ್ಸ್ ತೊಳೆಯೋ ಅಭ್ಯಾಸ ದಯವಿಟ್ಟು ಬಿಡಿಸಿ, ಆ ರಬ್ಬರ್ ಊದ್ಕೊಳತ್ತೆ, ಬ್ರೇಕ್ ಹಿಡ್ಕೊಂಡೇ ಇರತ್ತೆ.

ಬೋರ್ ಕನ್ನಡಿ ಥರ ಇದ್ರೆ ಕಿಟ್ಟೇ ಸರಿ, ಅಲ್ಲಿ ನಮ್ಮ ಮೈಸೂರಿನ ಮೇಸ್ತ್ರಿನೇ ಗೆದ್ದ. ಗುಳಿ ಬಿದ್ದಿದ್ರೆ? ಹೊಸದು ಅಂತ ಸಿಗೋದೆಲ್ಲ ಒಳ್ಳೇದೇನಲ್ಲ, ಈಗ ಬರೋ ಎಷ್ಟೋ ರೀಪ್ರೊಡಕ್ಷನ್ ಪೀಸಿಗಿಂತ ಹಳೇ ಎರಕವೇ ಗಟ್ಟಿ. ನನ್ನ ಓಟು ಸ್ಲೀವಿಂಗಿಗೆ: ಬೋರ್ ಕೊರೆದು ಹಿತ್ತಾಳೆ ಇಲ್ಲಾ ಸ್ಟೇನ್‌ಲೆಸ್ ಸ್ಲೀವ್, ಅಂದ್ರೆ ತೆಳು ಕೊಳವೆ, ಕೂರಿಸಿ ಮೂಲ ಸೈಜಿಗೆ ತರೋದು. ಇಲ್ಲಿ ಹಳೇ ಗಾಡಿ ಹುಚ್ಚಿನವರು ಪೋಸ್ಟಲ್ಲಿ ಕಳಿಸಿ ಮಾಡಿಸ್ಕೊತಾರೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಷ್ಟೊಂದು ಲೇತ್ ಇರೋವಾಗ ನಮ್ಮಲ್ಲಿ ಯಾಕಾಗಲ್ಲ? ಒಂದೇ ಒಂದು ಷರತ್ತು, ಪೆಡಲ್ ಬಿಟ್ಟಾಗ ಆಯಿಲ್ ವಾಪಸ್ ಹೋಗೋಕೆ ಬೋರಿನಲ್ಲಿರೋ ಸೂಜಿ ತೂತನ್ನ ಅದೇ ಜಾಗದಲ್ಲಿ ಕೊರೆದು ಅಂಚು ನುಣ್ಣಗೆ ಮಾಡೋಕೆ ಬರೋನಿಗೇ ಕೊಡಿ, ಇಲ್ಲಾಂದ್ರೆ ಮೊದಲ ದಿನವೇ ಕಪ್ ಕಿತ್ಕೊಂಡು ಬರತ್ತೆ.

ಅಂಬಾಸಿಡರ್ ಉತ್ಪಾದನೆ 2014ಕ್ಕೇ ನಿಂತೋಯ್ತು, ಹೊಸದು ಹಾಕಿಸ್ಕೊಂಡ್ರೂ ಆ ಹಳೇ ಸಿಲಿಂಡರನ್ನ ಗ್ಯಾರೇಜಲ್ಲೇ ಬಿಟ್ಟು ಬರ್ಬೇಡಿ, ಕೇಳಿ ಇಸ್ಕೊಳಿ, ಮುಂದೆ ಸ್ಲೀವ್ ಹಾಕಿಸೋಕೆ ಬೇಕಾಗತ್ತೆ.