ಸೈತಾನನ ಗಂಜಿ

ಅನ್ನ ಬಸಿದ ಗಂಜಿಗೆ ನೀರು ಬೆರೆಸಿ, ಸೋಸಿ, ಅದರಲ್ಲಿ ಹತ್ತಿಯ ಜುಬ್ಬಾ ಅದ್ದಿ ಹಿಂಡುವ ಅಭ್ಯಾಸವನ್ನು ನಾನು ಇನ್ನೂ ಬಿಟ್ಟಿಲ್ಲ. ಒಣಗಿದ ಜುಬ್ಬಾ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ತೊಟ್ಟವನೂ ಬೆವರು ಬರುವವರೆಗೆ ದೊಡ್ಡ ಮನುಷ್ಯನಂತೆ ಕಾಣುತ್ತಾನೆ. ಫಿಲಿಪ್ ಸ್ಟಬ್ಸ್ ಎಂಬ ಇಂಗ್ಲಿಷ್ ಮಹಾಶಯನನ್ನು ಓದುವವರೆಗೆ ಇದರಲ್ಲೊಂದು ಪಾಪವಿದೆಯೆಂದು ನನಗೆ ಹೊಳೆದಿರಲಿಲ್ಲ. ಆತನ ಪ್ರಕಾರ ಗಂಜಿಯೆಂದರೆ ಸೈತಾನನ ದ್ರವ.

ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1583ರಲ್ಲಿ, ಅಚ್ಚಾದ ‘ದಿ ಅನಾಟಮಿ ಆಫ್ ಅಬ್ಯೂಸಸ್’ ಪುಸ್ತಕದಲ್ಲಿ ಆತ ಇಡೀ ದೇಶದ ಮೇಲೆ ಚಾಟಿ ಬೀಸಿದ್ದಾನೆ. ದೇಶದ ಹೆಸರನ್ನು ನೇರವಾಗಿ ಹೇಳದೆ, ಇಂಗ್ಲೆಂಡಿನ ಲ್ಯಾಟಿನ್ ಹೆಸರಾದ ‘ಆಂಗ್ಲಿಯಾ’ದ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಐಲ್ಗ್ನಾ’ ಎಂದಿಟ್ಟಿದ್ದಾನೆ. ಮಕ್ಕಳೂ ಬಿಡಿಸಬಹುದಾದ ಒಗಟು! ನಾಟಕ, ಕುಣಿತ, ಜೂಜು ಯಾವುದಕ್ಕೂ ಕ್ಷಮೆಯಿಲ್ಲ. ಫುಟ್‌ಬಾಲ್ ಆತನಿಗೆ ಆಟವೇ ಅಲ್ಲ, ಸ್ನೇಹದ ಹೆಸರಿನ ಹೊಡೆದಾಟ. ಆದರೆ ನಿಜವಾಗಿ ಪಿತ್ತ ನೆತ್ತಿಗೇರುವುದು ರಫ್ ಕಂಡಾಗ.

ಆ ಕಾಲದ ಚಿತ್ರಪಟಗಳಲ್ಲಿ ಗಂಡಸರು, ಹೆಂಗಸರು ಕುತ್ತಿಗೆಯ ಸುತ್ತ ನೆರಿಗೆ ನೆರಿಗೆಯ ಬಿಳಿ ತಟ್ಟೆ ಕಟ್ಟಿಕೊಂಡಿರುತ್ತಾರಲ್ಲ, ತಲೆಯನ್ನೇ ಊಟಕ್ಕೆ ಬಡಿಸಿಟ್ಟ ಹಾಗೆ, ಅದೇ ರಫ್. ತೆಳುಬಟ್ಟೆ ಹಾಗೆ ನಿಲ್ಲುತ್ತಿದ್ದದ್ದು ಗಂಜಿಯ ಬಲದಿಂದ. 1564ರಲ್ಲಿ ಫ್ಲಾಂಡರ್ಸ್ ಕಡೆಯ ಡಿಂಗೆನ್ ಎಂಬಾಕೆ ಲಂಡನ್ನಿಗೆ ಬಂದು ಈ ವಿದ್ಯೆಯನ್ನು ಕಲಿಸತೊಡಗಿದಳು. ಕಲಿಕೆಗೆ ನಾಲ್ಕೈದು ಪೌಂಡ್, ಗಂಜಿ ಕುದಿಸುವ ಗುಟ್ಟಿಗೆ ಬೇರೆ 20 ಷಿಲಿಂಗ್. ನಮ್ಮ ಮನೆಯಲ್ಲಿ ಇದು ಅನ್ನದ ಜೊತೆ ಪುಕ್ಕಟೆ.

ಸ್ಟಬ್ಸ್ ಬಯ್ಯುವ ಭರದಲ್ಲಿ ಒಂದನ್ನೂ ಬಿಡುವುದಿಲ್ಲ. ಗಂಜಿಗೆ ಬಳಸುವುದು ಗೋಧಿಹಿಟ್ಟೋ ತೌಡೋ ಗೆಡ್ಡೆಯೋ, ಅದರ ಬಣ್ಣ ಬಿಳಿಯೋ ಕೆಂಪೋ ನೀಲಿಯೋ, ರಫ್ಫನ್ನು ಎತ್ತಿ ಹಿಡಿಯುವ ತಂತಿ ಎಂಥದ್ದು ಎಲ್ಲವನ್ನೂ ವರದಿ ಮಾಡುತ್ತಾನೆ. ಮಳೆಗಾಳಿಗೆ ಸಿಕ್ಕ ರಫ್ ಪಟಪಟನೆ ಹಾರಿ ಕೊನೆಗೆ ಪಾತ್ರೆ ಒರೆಸುವ ಬಟ್ಟೆಯಂತೆ ಭುಜದ ಮೇಲೆ ಬೀಳುವುದನ್ನು ಬರೆಯುವಾಗ ಆತನಿಗೆ ಖುಷಿಯೋ ಖುಷಿ. ಮೆಚ್ಚಿ ತೊಟ್ಟವರು ಕನ್ನಡಿ ನೋಡಿ ಮರೆತರು, ಸಿಟ್ಟಾದವನು ಬರೆದಿಟ್ಟ. ಮುನ್ನೂರು ವರ್ಷಗಳ ಮೇಲೆ ಫರ್ನಿವಾಲ್ ಎಂಬ ವಿದ್ವಾಂಸ ಈ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ್ದು ಯಾರನ್ನೂ ತಿದ್ದುವುದಕ್ಕಲ್ಲ, ಷೇಕ್ಸ್‌ಪಿಯರನ ಕಾಲದ ಇಂಗ್ಲೆಂಡ್ ಹೇಗಿತ್ತೆಂದು ನೋಡುವುದಕ್ಕೆ.

ಸ್ಟಬ್ಸ್ ಹೇಳುವ ಒಂದು ಕಥೆ ಇದೆ. ಆಂಟ್ವರ್ಪ್‌ನ ಶ್ರೀಮಂತನ ಮಗಳು ಮದುವೆಗೆ ಹೊರಟಳು. ಅಗಸಗಿತ್ತಿಯರು ಹಾಕಿದ ಗಂಜಿ ಮನಸ್ಸಿಗೆ ಬರಲಿಲ್ಲ. ರಫ್ಫನ್ನು ನೆಲಕ್ಕೆಸೆದು ತುಳಿದು, ಇನ್ನು ಇದನ್ನು ತೊಟ್ಟರೆ ಸೈತಾನನೇ ನನ್ನನ್ನು ಹೊತ್ತೊಯ್ಯಲಿ ಎಂದಳು. ಸೈತಾನ ಸುಂದರ ತರುಣನಾಗಿ ಬಂದು, ಸೊಗಸಾಗಿ ನೆರಿಗೆ ಕೂರಿಸಿ ತೊಡಿಸಿ, ಮುತ್ತಿಟ್ಟು, ಕತ್ತು ಮುರಿದ. ಶವಪೆಟ್ಟಿಗೆಯನ್ನು ನಾಲ್ವರು ಗಟ್ಟಿಗರಿಂದಲೂ ಎತ್ತಲಾಗಲಿಲ್ಲ. ತೆರೆದರೆ ಶವವಿಲ್ಲ, ಬಡಕಲು ಕರಿಬೆಕ್ಕೊಂದು ಕುಳಿತು ರಫ್ಫಿಗೆ ನೆರಿಗೆ ಹಿಡಿಯುತ್ತಿದೆ! ಹೆದರಿಸಲು ಹೇಳಿದ ಕಥೆ. ನನಗಂತೂ ಆ ಬೆಕ್ಕಿನ ಕೈಚಳಕ ನೋಡುವ ಆಸೆಯಾಯಿತು.

ಇಂಥವನ ಮನೆ ಹೇಗಿತ್ತೋ ಎಂದು ಹುಡುಕಿದೆ. 1586ರಲ್ಲಿ ಮದುವೆಯಾದ ಹುಡುಗಿ ಕ್ಯಾಥರೀನ್ 1590ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಬಾಣಂತನದ ಬೆನ್ನಲ್ಲೇ ಜ್ವರ ಬಂದು ತೀರಿಕೊಂಡಳು. ಆಕೆಯ ಬಗ್ಗೆ ಬರೆದ ಸಣ್ಣ ಪುಸ್ತಕದಲ್ಲಿ ಸ್ಟಬ್ಸ್ ಒಂದು ಪ್ರಸಂಗ ಕೊಡುತ್ತಾನೆ. ಮುದ್ದಿನ ನಾಯಿಮರಿ ಮಂಚ ಹತ್ತಲು ಬಂದಾಗ ಆಕೆ ಅದನ್ನು ಹೊಡೆದಟ್ಟಿ, ಗಂಡನನ್ನು ಕರೆದು, ಇದನ್ನು ಎಷ್ಟೋ ಸಲ ಹಾಸಿಗೆಗೆ ಬಿಟ್ಟುಕೊಂಡು ನಾವಿಬ್ಬರೂ ದೇವರಿಗೆ ತಪ್ಪು ಮಾಡಿದೆವು ಎಂದಳಂತೆ.

ನಾವಿಬ್ಬರೂ! ಶವಪೆಟ್ಟಿಗೆಯಲ್ಲಿ ಕರಿಬೆಕ್ಕನ್ನು ಕೂರಿಸಿದವನ ಹಾಸಿಗೆಯಲ್ಲಿ ನಾಯಿಮರಿಯೊಂದು ಬೆಚ್ಚಗೆ ಮಲಗುತ್ತಿತ್ತು. ಅದನ್ನು ಓದಿದ ದಿನದಿಂದ ಆತನ ಮೇಲೆ ನನಗೆ ಸಿಟ್ಟಿಲ್ಲ. ಜುಬ್ಬಾಕ್ಕೆ ಗಂಜಿ ಹಾಕುವುದನ್ನೂ ನಿಲ್ಲಿಸಿಲ್ಲ.