ನನ್ನ ಥೀಸಿಸ್ ಯಾರು ಓದಿದರು?

ಕಳೆದ ವಾರ ಕಾಲೇಜಿನ ಲೈಬ್ರರಿಯಿಂದ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್‌ನ ರಿಪೋರ್ಟ್ ಬಂತು. ಹಳ್ಳಿ ಹೆಂಗಸರ ರಕ್ತಹೀನತೆ ಬಗ್ಗೆ ನಾನು ಬರೆದ ಎಂ.ಎಸ್ಸಿ. ನರ್ಸಿಂಗ್ ಥೀಸಿಸ್‌ನಲ್ಲಿ ಶೇ. 23ರಷ್ಟು ಬೇರೆಯವರದ್ದಂತೆ. ಶೇ. 10 ದಾಟುವ ಹಾಗಿಲ್ಲ. ಎದೆ ಧಸಕ್ಕೆಂದಿತು.

ಕೆಂಪು, ಹಸಿರು, ನೇರಳೆ ಬಣ್ಣ ಬಳಿದ ಪುಟಗಳನ್ನು ತಿರುವಿ ನೋಡಿದೆ. ನಾನು ಕದ್ದಿರುವುದು ಏನು ಅಂತ ಗೊತ್ತಾಗಬೇಕಲ್ವಾ? ಮೊದಲನೆಯ ಕಳವು, ನಮ್ಮ ಕಾಲೇಜಿನ ಹೆಸರು. ಎರಡನೆಯದು, ಪ್ರಿನ್ಸಿಪಾಲರ ಸರ್ಟಿಫಿಕೇಟು. ಆಮೇಲೆ 'ಭಾಗವಹಿಸಿದವರಿಂದ ಲಿಖಿತ ಒಪ್ಪಿಗೆ ಪಡೆಯಲಾಯಿತು' ಅನ್ನುವ ಸಾಲು. ಇದನ್ನು ಸ್ವಂತ ಮಾತಲ್ಲಿ ಹೇಗಪ್ಪಾ ಬರೆಯೋದು? 'ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ' ಅನ್ನಲೇ? ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದಕ್ಕೂ ಕೆಂಪು ಬಳಿದಿದ್ದಾರೆ. ಕದ್ದಿಲ್ಲ ಅಂತ ತೋರಿಸೋಕೆ ನಾನು ಹನ್ನೆರಡೂವರೆ ಅಂತ ಬರೆಯಬೇಕಾ?

ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮದಲ್ಲೇ ಇದೆ. ಆಧಾರಗ್ರಂಥಗಳ ಪಟ್ಟಿ, ಪರಿವಿಡಿ, ಕೃತಜ್ಞತೆ, ಎಲ್ಲರೂ ಬಳಸುವ ಸಾಮಾನ್ಯ ಪದಗಳು, ಇವನ್ನೆಲ್ಲ ಬಿಟ್ಟು ಲೆಕ್ಕ ಹಾಕಬೇಕು. ನಿಯಮದ ಪ್ರಿಂಟು ಹಿಡಿದುಕೊಂಡು ಲೈಬ್ರರಿಗೆ ಹೋದೆ. "ಸರ್, ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಟಿಕ್ ಹಾಕೋ ಜಾಗ ಇರುತ್ತೆ" ಅಂದೆ. ಲೈಬ್ರರಿಯನ್ ಮುಖ ಎತ್ತದೆ, "ಸೆಟ್ಟಿಂಗ್ಸ್ ನಾವು ಮುಟ್ಟಲ್ಲಮ್ಮ. ಹಿಂದೆ ಇದ್ದವರು ಹೇಗೆ ಇಟ್ಟು ಹೋದ್ರೋ ಹಾಗೇ ಇದೆ" ಅಂದರು. ದೇವರ ಮನೆಯ ವಿಷಯ ಮಾತಾಡುವ ದನಿಯಲ್ಲಿ.

ಹಾಸ್ಟೆಲ್‌ಗೆ ಬಂದು ಹಲ್ಲು ಕಡಿಯುತ್ತಾ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಈ ಥೀಸಿಸನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿರುವುದು ಆ ಸಾಫ್ಟ್‌ವೇರ್ ಒಂದೇ. ಇನ್ಯಾರೂ ಓದಿಲ್ಲ. ನಮ್ಮ ಗೈಡ್ ಮೇಡಂ ಕೂಡ.

ಮೇಡಂ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಫೀಲ್ಡ್‌ನಿಂದ ಬಂದವಳನ್ನು "ಊಟ ಆಯ್ತೇನಮ್ಮ" ಅಂತ ಕೇಳುವ ಗೈಡ್ ಎಷ್ಟು ಜನಕ್ಕೆ ಸಿಗ್ತಾರೆ? ಆದರೆ ಅವರಿಗೊಂದು ಅಭ್ಯಾಸ. ಥೀಸಿಸ್ ಕೈಗೆ ಬಂತೆಂದರೆ ಒಂದನೇ ಪುಟದಿಂದಲೇ ಶುರು. ಹಿಂದಿನ ಸಲ ನಿಲ್ಲಿಸಿದಲ್ಲಿಂದ ಮುಂದುವರಿಸುವ ಪದ್ಧತಿಯೇ ಇಲ್ಲ. ಕನ್ನಡಕ ಏರಿಸುತ್ತಾರೆ. ಹಸಿರು ಪೆನ್ನಿನ ಕ್ಯಾಪ್ ತೆಗೆದು ಹಿಂದಕ್ಕೆ ಸಿಕ್ಕಿಸುತ್ತಾರೆ. ಮೊದಲನೇ ಸಾಲಲ್ಲೇ ಪೆನ್ನು ನಿಲ್ಲುತ್ತೆ. "ಇಲ್ಲಿ ಕಾಮಾ ಯಾಕೆ?" ಹಿಂದಿನ ಸಲ ಹಾಕಿದ್ದು ಅವರೇ. ಹಾಗಂತ ಹೇಳೋಕಾಗುತ್ತಾ? "ತೆಗೀತೀನಿ ಮೇಡಂ."

ಎರಡನೇ ಸಾಲಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬರುತ್ತೆ. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಭಾರತದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ನಮ್ಮ ರಾಜ್ಯದಲ್ಲಿ ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ. 44.8 ಇತ್ತು. ಅಂದರೆ ಜಾಸ್ತಿಯಾಗಿದೆ. ನಾವೆಲ್ಲ ತಲೆ ಕೆಡಿಸಿಕೊಳ್ಳಬೇಕಾದ್ದು ಅದಕ್ಕೆ. ಮೇಡಂ ತಲೆ ಕೆಡಿಸಿಕೊಂಡಿದ್ದು ಭಾರತ ಮೊದಲು ಬರಬೇಕಾ, ಕರ್ನಾಟಕ ಮೊದಲು ಬರಬೇಕಾ ಅನ್ನೋದಕ್ಕೆ. ಒಂದು ಸಲ ಭಾರತ ಮುಂದೆ. ಮುಂದಿನ ಸಲ "ನಮ್ಮದು ಮೊದಲು ಹೇಳಬೇಕಲ್ವೇನಮ್ಮ" ಅಂತ ಕರ್ನಾಟಕ ಮುಂದೆ. ಅದರ ಮುಂದಿನ ಸಲ ಮತ್ತೆ ಭಾರತ.

ಹೀಗೆ ನಾಜೂಕಾಗಿ ಹೋಗುತ್ತಾ ಹದಿನಾಲ್ಕನೇ ಪುಟ ಬರೋ ಹೊತ್ತಿಗೆ ಸರಿಯಾಗಿ ಪ್ರಿನ್ಸಿಪಾಲರ ಅಟೆಂಡರ್ ಬಾಗಿಲಲ್ಲಿ ನಿಂತಿರುತ್ತಾನೆ. ಇಲ್ಲವೇ ವಾರ್ಡ್‌ನಿಂದ ಫೋನು. "ಇಷ್ಟು ಸರಿ ಮಾಡ್ಕೊಂಡು ಬಾ, ಮುಂದಿನದು ಕೂತು ನೋಡೋಣ." ಆ ಕೂರುವ ದಿನ ಬರಲೇ ಇಲ್ಲ. ಈಗ ನನ್ನ ಒಂದನೇ ಅಧ್ಯಾಯ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಫಳಫಳ ಅನ್ನುತ್ತೆ. ಸಿಕ್ಕಿದ್ದರ ಅರ್ಥ ಏನು ಅಂತ ಹೇಳುವ ಡಿಸ್ಕಷನ್ ಅಧ್ಯಾಯವನ್ನು ಮಾತ್ರ ಯಾರೂ ಮೂಸಿ ನೋಡಿಲ್ಲ.

ಉಪಾಯ ಮಾಡಲಿಲ್ಲ ಅಂತಲ್ಲ. ಒಂದು ದಿನ ಡಿಸ್ಕಷನ್ ಒಂದನ್ನೇ ಪ್ರಿಂಟ್ ಹಾಕಿಸಿಕೊಂಡು ಹೋದೆ. "ಇದೇನಿದು, ತಲೆ ಇಲ್ಲ ಬುಡ ಇಲ್ಲ? ಮೊದಲನೇದು ಎಲ್ಲಿ? ಹಿಂದುಮುಂದು ಗೊತ್ತಿಲ್ಲದೆ ಹೇಗೆ ಓದಲಿ?" ಜೆರಾಕ್ಸ್ ಅಂಗಡಿಗೆ ಓಡಿ ಮೊದಲನೇದು ತಂದೆ. ಕನ್ನಡಕ, ಕ್ಯಾಪು, ಕಾಮಾ. ಇನ್ನೊಂದು ದಿನ ಡಿಸ್ಕಷನ್ ಪುಟಕ್ಕೆ ಎದ್ದು ಕಾಣುವ ಹಳದಿ ಅಂಟುಚೀಟಿ ಅಂಟಿಸಿದೆ. ಮೇಡಂ ಕಣ್ಣಿಗೆ ಬಿತ್ತು. "ಚೆನ್ನಾಗಿದೆಯಲ್ಲ, ಎಲ್ಲಿ ತಗೊಂಡೆ?" ಅಂತ ಅದನ್ನು ಕಿತ್ತು, ಹದಿನಾಲ್ಕನೇ ಪುಟಕ್ಕೆ ಗುರುತಾಗಿ ಅಂಟಿಸಿಕೊಂಡರು.

ಅಂಕಿಅಂಶದ ಸರ್ ಕೇಳಿದ್ದು ಒಂದೇ ಪ್ರಶ್ನೆ. "ಪಿ ಎಷ್ಟು ಬಂತು?" ಪಿ ಅಂದರೆ, ನಿಜವಾಗಿ ಏನೂ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ. 0.05ಕ್ಕಿಂತ ಕಡಿಮೆ ಬಂದರೆ ಪಕ್ಕದಲ್ಲಿ ನಕ್ಷತ್ರ, ಇಲ್ಲದಿದ್ದರೆ ಕತ್ತಲೆ. 1925ರಲ್ಲಿ ಫಿಷರ್ ಅನ್ನುವ ಪುಣ್ಯಾತ್ಮ ಇಪ್ಪತ್ತರಲ್ಲಿ ಒಂದನ್ನು ಗಡಿ ಅಂತ ಇಟ್ಟುಕೊಂಡರೆ ಅನುಕೂಲ ಅಂತ ತನ್ನ ಪುಸ್ತಕದಲ್ಲಿ ಬರೆದ. ಅವನಿಗೆ ಅನುಕೂಲ ಆಯ್ತೇನೋ. ಊಟ ಆದ ಕೂಡಲೇ ಟೀ ಕುಡಿದರೆ ಊಟದ ಕಬ್ಬಿಣದಂಶ ಮೈಗೆ ಹತ್ತೋದು ಕಡಿಮೆ. ಹಾಗೆ ಕುಡಿಯುವವರ ಲೆಕ್ಕದಲ್ಲಿ ನನಗೆ ಬಂದಿದ್ದು 0.06. "ಛೇ, ಸ್ವಲ್ಪದರಲ್ಲಿ ಹೋಯ್ತಲ್ಲ" ಅಂದರು ಸರ್. ಆ ಟೇಬಲ್ ಅಲ್ಲಿಗೆ ಮುಗೀತು.

ಮನೆಯಲ್ಲಿ ಅಮ್ಮ ಓದಿದ್ದು ಕೃತಜ್ಞತೆಯ ಪುಟ ಮಾತ್ರ. "ದೊಡ್ಡತ್ತೆ ಹೆಸರೇ ಇಲ್ವಲ್ಲೇ! ಹಳ್ಳಿ ಸುತ್ತಿ ಬಂದಾಗ ಬಿಸಿನೀರು ಕಾಯಿಸಿ ಕೊಟ್ಟಿದ್ದು ಯಾರು?" ವಿಷಯ ಹೇಗೋ ದೊಡ್ಡತ್ತೆಗೂ ಗೊತ್ತಾಗಿದೆ. ಗೃಹಪ್ರವೇಶದಲ್ಲಿ ನನ್ನ ಎಲೆಗೆ ಹೋಳಿಗೆ ಬರಲಿಲ್ಲ.

ಆ ಹಳ್ಳಿಗಳು ಕೊರಟಗೆರೆ ಕಡೆಯವು. ಒಂದು ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ನಮಗೆ ಪ್ರಸಾದ್ ವರ್ಗೀಕರಣ ಅಂತ ಒಂದಿದೆ, 1961ರದ್ದು. ಮನೆಯ ತಿಂಗಳ ಆದಾಯವನ್ನು ತಲೆಗೆ ಹಂಚಿ, ಈಗಿನ ಬೆಲೆ ಸೂಚ್ಯಂಕಕ್ಕೆ ಸರಿಹೊಂದಿಸಿ, ಯಾವ ವರ್ಗ ಅಂತ ತೀರ್ಮಾನ ಮಾಡಬೇಕು. ತಿಂಗಳ ಆದಾಯ ಎಷ್ಟಮ್ಮಾ ಅಂದೆ. "ಯಾವ ತಿಂಗಳದ್ದು ಹೇಳ್ಲಿ ಕಣವ್ವ? ಕಾಯಿ ಮಾರಿದ ತಿಂಗಳದ್ದಾ, ಸಾಲ ಕಟ್ಟಿದ ತಿಂಗಳದ್ದಾ?" ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಬೆರಳು ಚುಚ್ಚಿದೆ. ಮೀಟರ್ 7.9 ತೋರಿಸಿತು. ಅದು ತೀವ್ರ ರಕ್ತಹೀನತೆ. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಕಬ್ಬಿಣದ ಕೆಂಪು ಮಾತ್ರೆ ಕೊಟ್ಟಿಲ್ವಾ ಅಂದರೆ ಒಳಗಿಂದ ಸ್ಟೀಲ್ ಡಬ್ಬಿ ತಂದು ತೋರಿಸಿದಳು. ಅರ್ಧ ಡಬ್ಬಿ ಮಾತ್ರೆ. ನುಂಗಿದರೆ ಹೊಟ್ಟೆ ತೊಳೆಸುತ್ತಂತೆ. ಹೊಟ್ಟೆ ತೊಳೆಸಿದರೆ ಕೂಲಿಗೆ ಹೋಗೋಕಾಗಲ್ಲ. ಕೂಲಿ ಇಲ್ಲದ ದಿನ ನುಂಗೋಣ ಅಂದರೆ ಖಾಲಿ ಹೊಟ್ಟೆ. ಹೊರಡುವಾಗ ಕೇಳಿದಳು, "ಇಷ್ಟೊಂದು ಬರ್ಕೊಂಡ್ಯಲ್ಲ, ಇದನ್ನ ಯಾರವ್ವ ಓದೋದು?" ದೊಡ್ಡೋರು ಓದ್ತಾರಮ್ಮ ಅಂದೆ.

ಅವಳು ಹೇಳಿದ್ದು ಡಿಸ್ಕಷನ್ ಅಧ್ಯಾಯದಲ್ಲಿದೆ. ರಿಪೋರ್ಟ್‌ನಲ್ಲಿ ಆ ಪುಟ ಹುಡುಕಿ ನೋಡಿದೆ. ಒಂದು ಸಾಲಿಗೂ ಬಣ್ಣ ಬಳಿದಿರಲಿಲ್ಲ.

ಕೊನೆಗೆ ಶೇ. 23ರ ಕತೆ ಬಗೆಹರಿಸಿದ್ದು ಲೈಬ್ರರಿಯ ಅಟೆಂಡರ್. ಸರ್ ಟೀಗೆ ಹೋದ ಹೊತ್ತಲ್ಲಿ "ಇದೇನಾಕ್ಕ ನೀವು ಹೇಳಿದ ಟಿಕ್ಕು?" ಅಂತ ಒತ್ತಿಯೇಬಿಟ್ಟ. ಶೇ. 8ಕ್ಕೆ ಇಳೀತು. ಪ್ರಪಂಚವೇನೂ ಮುಳುಗಲಿಲ್ಲ.

ಮರೂನ್ ರೆಕ್ಸಿನ್ ಹೊದಿಸಿ, ಬಂಗಾರದ ಅಕ್ಷರ ಹಾಕಿಸಿ ಆಯ್ತು. ಅಷ್ಟರಲ್ಲಿ ಆಫೀಸಿನವರು ಸಿಡಿ ಎಲ್ಲಿ ಅಂದರು. ಥೀಸಿಸ್ ಜೊತೆಗೆ ಸಿಡಿಯನ್ನೂ ಕೊಡಬೇಕಂತೆ. ನನ್ನ ಲ್ಯಾಪ್‌ಟಾಪ್‌ಗೆ ಸಿಡಿ ಹಾಕೋ ಜಾಗವಿಲ್ಲ. ವಿಚಾರಿಸಿದರೆ ಆಫೀಸಿನ ಕಂಪ್ಯೂಟರಿಗೂ ಇಲ್ಲ! ಬಸ್‌ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿಯವನು ಮೂಲೆಯಿಂದ ಹಳೇ ಸಿಪಿಯು ಎಳೆದು, ಧೂಳು ಊದಿದ.

"ಮೇಡಂ, ಇದನ್ನ ಯಾರಾದ್ರೂ ತೆಗೆದು ನೋಡ್ತಾರಾ?"

"ಇಲ್ಲ ಅನ್ಸುತ್ತೆ."

"ಹಾಗಾದ್ರೆ ಖಾಲಿ ಸಿಡಿನೇ ಕೊಡ್ಲಾ? ಇಪ್ಪತ್ತು ರೂಪಾಯಿ ಕಮ್ಮಿ ಆಗುತ್ತೆ."