ಟ್ಯೂಬ್‌ಲೆಸ್ ಸೈಕಲ್ ಟೈರಿಗೆ ಲೇಟೆಕ್ಸ್ ಸೀಲಂಟೇ ಬೇಕೇ?

ಪರ: ತೂತು ಮುಚ್ಚುವುದರಲ್ಲಿ ರಬ್ಬರ್ ಹಾಲೇ ಮುಂದು

ಸುಳ್ಯ, ಪುತ್ತೂರಿನ ರಬ್ಬರ್ ತೋಟ ನೋಡಿದವರಿಗೆ ಲೇಟೆಕ್ಸ್ ಗುಣ ಗೊತ್ತು. ತೊಗಟೆ ಗೀರಿದರೆ ಮರ ಬಿಳಿ ಹಾಲು ಸುರಿಸುತ್ತದೆ. ಸ್ವಲ್ಪ ಹೊತ್ತಿಗೆ ಆ ಹಾಲೇ ಗಟ್ಟಿಯಾಗಿ ಗೀರು ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇಲ್ಲದ ಸೈಕಲ್ ಟೈರಿನೊಳಗೆ, ತೂತು ಬಿದ್ದರೆ ತಾನೇ ಮುಚ್ಚಿಕೊಳ್ಳಲಿ ಅಂತ ಸುರಿಯುವ ದ್ರವವೇ ಸೀಲಂಟ್. ಅದು ಲೇಟೆಕ್ಸಿನದಾದರೆ ಅಲ್ಲೂ ನಡೆಯುವುದು ಹೆಚ್ಚುಕಮ್ಮಿ ಇದೇ.

ಮುಳ್ಳು ಕಿತ್ತ ಕೂಡಲೇ ಗಾಳಿ ಬುಸ್ ಅಂತ ಹೊರಗೆ ನುಗ್ಗುತ್ತದೆ, ಜೊತೆಗೆ ಸೀಲಂಟನ್ನೂ ಎಳೆದು ತರುತ್ತದೆ. ಅದರಲ್ಲಿ ಬೆರೆಸಿರುವ ಸಣ್ಣ ಕಣಗಳು ತೂತಿಗೆ ಅಡ್ಡ ಸಿಕ್ಕಿಕೊಳ್ಳುತ್ತವೆ, ಲೇಟೆಕ್ಸ್ ಅವುಗಳ ಸುತ್ತ ಹೆಪ್ಪುಗಟ್ಟುತ್ತದೆ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿದರೆ ಮೊದಲು ಬಿಳಿ ನೊರೆ ಕಾಣುತ್ತದೆ, ಆಮೇಲೆ ಬರೀ ಒಂದು ಒದ್ದೆ ಚುಕ್ಕೆ, ಅಷ್ಟೇ. ಹೀಗೆ ಕೂತ ಬಿರಡೆ ರಬ್ಬರಿನದೇ. ಟೈರ್ ಹಿಗ್ಗಿದರೆ ಅದೂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. ಗ್ಲೈಕಾಲ್ ಅನ್ನುವ ಬೇಗ ಆರದ ದ್ರವದಲ್ಲಿ ನಾರು ಬೆರೆಸಿದ ಇನ್ನೊಂದು ಬಗೆಯ ಸೀಲಂಟಿಗೆ ಈ ಗುಣ ಇಲ್ಲ. ಅಲ್ಲಿ ನಾರು ತುರುಕಿಕೊಂಡು ನಿಂತಿರುತ್ತದೆ, ಅಂಟಿಕೊಂಡಿರುವುದಿಲ್ಲ.

ರೋಡ್ ಸೈಕಲ್ಲಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 28 ಮಿ.ಮೀ. ಟೈರಿಗೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮೇಲೆ ಗಾಳಿ ಹೊಡೆದಾಗ ನಾರಿನ ಬಿರಡೆ ಜಿನುಗುತ್ತಲೇ ಇರಬಹುದು. ಲೇಟೆಕ್ಸ್ ಬೇಗ ಹಿಡಿಯುತ್ತದೆ. ಇಷ್ಟು ಸಣ್ಣ ಟೈರಿಗೆ 30ರಿಂದ 45 ಮಿ.ಲೀ. ಸಾಕು, ಭಾರವೂ ಜಾಸ್ತಿ ಆಗುವುದಿಲ್ಲ. ಟೈರಿನ ತೆಳು ಪಕ್ಕೆಯಲ್ಲಿ, ರಿಮ್ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದುಗಳಿರುತ್ತವಲ್ಲ, ಅವುಗಳನ್ನೂ ಲೇಟೆಕ್ಸ್ ಮುಚ್ಚುತ್ತದೆ.

ಒಣಗುತ್ತದೆ ಅನ್ನುವುದು ನಿಜ. ಹಾಗಂತ ಬಿಟ್ಟುಬಿಡಬೇಕಾ? ಎರಡು ತಿಂಗಳಿಗೊಮ್ಮೆ ವಾಲ್ವಿನ ಒಳಪಿನ್ ಬಿಚ್ಚಿ, ಸಣ್ಣ ಪ್ಲಾಸ್ಟಿಕ್ ಕಡ್ಡಿ ಇಳಿಸಿ ನೋಡಿ. ತುದಿ ಒಣಗಿದ್ದರೆ ಸಿರಿಂಜಿನಲ್ಲಿ ಇನ್ನಷ್ಟು ಹಾಕಿ. ಚೈನಿಗೆ ಎಣ್ಣೆ ಬಿಡುವವರಿಗೆ ಇದೇನೂ ದೊಡ್ಡ ಕೆಲಸ ಅಲ್ಲ.

ವಿರೋಧ: ನಮ್ಮ ಬಿಸಿಲಿಗೆ, ನಮ್ಮ ಮುಳ್ಳಿಗೆ ಬಾಳಿಕೆ ಮುಖ್ಯ

ಲೇಟೆಕ್ಸ್ ಸೀಲಂಟ್ ಎರಡರಿಂದ ಏಳು ತಿಂಗಳು ಬಾಳುತ್ತದೆ ಅಂತ ತಯಾರಕರೇ ಹೇಳುತ್ತಾರೆ. ತಂಪು ದೇಶದಲ್ಲಿ ಏಳು ಆದೀತು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತು ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಏಳು ತಿಂಗಳ ಮಾತು ಮರೆತುಬಿಡಿ. ಆ ಕಡೆ ದಾರಿ ಬದಿಯಲ್ಲೆಲ್ಲ ಬಳ್ಳಾರಿ ಜಾಲಿ. ಅದರ ಮುಳ್ಳು ಎಷ್ಟು ಗಟ್ಟಿ ಅಂತ ತುಳಿದವರಿಗೆ ಗೊತ್ತು. ಇಂಥ ಕಡೆ ಸೀಲಂಟ್ ಟೈರಿನೊಳಗೆ ಒದ್ದೆಯಾಗೇ ಇರಬೇಕು. ಒಣಗಿದ ಮೇಲೆ ಎಷ್ಟು ಒಳ್ಳೆಯ ಲೇಟೆಕ್ಸ್ ಆದರೂ ಅಷ್ಟೇ, ಅದು ಟೈರಿಗೆ ಅಂಟಿದ ಬರೀ ಪೊರೆ.

ದಿನಾ ಸೈಕಲ್ ಮುಟ್ಟುವವರು ನೋಡಿಕೊಳ್ಳುತ್ತಾರೆ, ಸರಿ. ಆದರೆ ಬಹಳ ಜನ ವಾರಕ್ಕೊಮ್ಮೆ ಓಡಿಸುವವರು. ಪರೀಕ್ಷೆ ಬಂತು, ಮಳೆ ಬಂತು, ಸೈಕಲ್ ಬಾಲ್ಕನಿಯಲ್ಲೇ ಉಳಿಯಿತು. ಅಂಥ ಟೈರ್ ಬಿಚ್ಚಿದರೆ ಒಳಗೆ ಹಳದಿ ಸಿಪ್ಪೆ, ಉಂಡೆಗಟ್ಟಿದ ರಬ್ಬರ್ ಸಿಗುತ್ತದೆ. ಅದನ್ನು ಉಗುರಿನಲ್ಲಿ ಕೆರೆದು ತೆಗೆಯಬೇಕು. ವಾಲ್ವೂ ಕಟ್ಟಿಕೊಂಡಿರುತ್ತದೆ, ಗಾಳಿ ಹೋಗುವುದೇ ಇಲ್ಲ.

ಗ್ಲೈಕಾಲ್ ಸೀಲಂಟ್ ಹಾಗೆ ಬೇಗ ಆರಿಹೋಗುವುದಿಲ್ಲ. ನೀರು ಹಾಕಿದರೆ ತೊಳೆದುಹೋಗುತ್ತದೆ. ದೊಡ್ಡ ಸೀಳು ಬಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ: ಟೈರಿನ ಒಳಗೆ ತೊಳೆದು, ಒಣಗಿಸಿ, ಪ್ಯಾಚ್ ಹಚ್ಚಬಹುದು. ಲೇಟೆಕ್ಸ್ ಪೊರೆಯ ಮೇಲೆ ಪ್ಯಾಚ್ ನಿಲ್ಲುವುದಿಲ್ಲ, ಮೊದಲು ಅದನ್ನು ಸುಲಿಯಲೇಬೇಕು. ದಾರಿಯಲ್ಲಿ ಸಿಒ2 (ಇಂಗಾಲದ ಡೈಆಕ್ಸೈಡ್) ಕ್ಯಾನಿನಿಂದ ಗಾಳಿ ತುಂಬಿದರೆ ಎಷ್ಟೋ ಲೇಟೆಕ್ಸ್ ಸೀಲಂಟ್‌ಗಳು ಒಳಗೇ ಉಂಡೆಗಟ್ಟುತ್ತವೆ. ಲೇಟೆಕ್ಸ್ ಹೆಪ್ಪಾಗದಿರಲಿ ಅಂತ ಕೆಲವು ತಯಾರಕರು ಅಮೋನಿಯಾ ಸೇರಿಸುತ್ತಾರೆ. ಅಂಥದ್ದು ಅಲ್ಯೂಮಿನಿಯಂ ರಿಮ್ಮಿನ ಗೀರು ಬಿದ್ದ ಜಾಗವನ್ನು ತಿನ್ನಬಹುದು. ಲೇಟೆಕ್ಸ್ ಅಲರ್ಜಿ ಇರುವವರಂತೂ ಅದನ್ನು ಮುಟ್ಟುವ ಹಾಗೇ ಇಲ್ಲ.

ಜಾಸ್ತಿ ಗಾಳಿಯ ಸಣ್ಣ ಟೈರಿನಲ್ಲಿ ಲೇಟೆಕ್ಸ್ ಮುಂದಿದೆ, ಒಪ್ಪೋಣ. ಆದರೆ ಬೆಂಗಳೂರಿನ ತುರಹಳ್ಳಿಯ ಕಾಡುದಾರಿಯಲ್ಲಿ ಎರಡು ಇಂಚು ದಾಟಿದ ಟೈರನ್ನು 25 ಪಿಎಸ್‌ಐ ಆಸುಪಾಸಿನಲ್ಲಿ ಓಡಿಸುವವರಿಗೆ ಆ ಮಾತು ಎಷ್ಟು ಅನ್ವಯಿಸುತ್ತದೆ? ಅಷ್ಟು ಕಡಿಮೆ ಗಾಳಿಯಲ್ಲಿ ಮುಳ್ಳಿನ ತೂತಿಗೆ ನಾರಿನ ಬಿರಡೆ ಸಾಕು. ಅದೂ ತಿಂಗಳುಗಟ್ಟಲೆ ಹಾಗೇ ಬಿಟ್ಟ ಮೇಲೂ ಕೆಲಸ ಮಾಡುತ್ತದೆ ಅನ್ನುವುದೇ ನನಗೆ ದೊಡ್ಡದು.

ಒಂದು ಎಚ್ಚರಿಕೆ. ಪಂಕ್ಚರ್ ಅಂಗಡಿಯಲ್ಲಿ ಸ್ಕೂಟರಿಗೆ ಹಾಕುವ ದಪ್ಪ ಜೆಲ್ ಸಿಗುತ್ತದೆ. ಅಗ್ಗ ಅಂತ ಸುಮ್ನೆ ಅದನ್ನೇ ಸೈಕಲ್ಲಿಗೂ ಹಾಕಿಸಿಕೊಳ್ಳಬೇಡಿ. ಅದು ಪ್ರೆಸ್ಟಾ ಅನ್ನುವ ಸೈಕಲ್ಲಿನ ಸಣ್ಣ ವಾಲ್ವಿನಲ್ಲಿ ಇಳಿಯುವುದೇ ಕಷ್ಟ, ಭಾರವೂ ಹೌದು. ಗ್ಲೈಕಾಲ್ ಸೀಲಂಟ್ ಕೊಳ್ಳುವಾಗ ಬಾಟಲಿ ಮೇಲೆ ಸೈಕಲ್ಲಿಗೆ ಅಂತ ಬರೆದಿದೆಯಾ ನೋಡಿ. 29 ಇಂಚಿನ ಚಕ್ರದ 2.3 ಇಂಚು ಟೈರಿಗೆ 100–120 ಮಿ.ಲೀ. ಹಾಕಿ. ಈಗಾಗಲೇ ಲೇಟೆಕ್ಸ್ ಇದ್ದರೆ ಅದರ ಮೇಲೇ ಇದನ್ನು ಸುರಿಯಬೇಡಿ. ಟೈರ್ ಬಿಚ್ಚಿ, ಹಳೆಯದನ್ನೆಲ್ಲ ಸುಲಿದು ಒರೆಸಿ, ಆಮೇಲೆ ಹಾಕಿ.